ರುಚಿ ಹೋಗುವುದು ವೈರಾಗ್ಯವಲ್ಲ

(ಚಾತುರ್ಮಾಸ್ಯದ ಸಂದರ್ಭದಲ್ಲಿ ಒಂದು ವಿಚಾರ)

ಶ್ರೀಹರಿವಾಯುಗುರುಗಳ ಚರಣಗಳಿಗೆ ವಂದಿಸಿ, ಚಾತುರ್ಮಾಸ್ಯದ ಈ ಪುಣ್ಯಕಾಲದಲ್ಲಿ ಪ್ರತಿಯೊಂದು ಮನೆಯ ಊಟದ ಎಲೆಗೂ ಸಂಬಂಧಿಸಿದ ಒಂದು ವಿಷಯವನ್ನು ಆಸ್ತಿಕ ಬಂಧುಗಳ ಮುಂದಿಡಲು ಬಯಸುತ್ತೇವೆ. ಶಯನೀ ಏಕಾದಶಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ವ್ರತದ ಅಡಿಗೆಯ ಮಾತು ಆರಂಭವಾಗುತ್ತದೆ. ಯಾವ ಪದಾರ್ಥ ವ್ರತಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಚರ್ಚೆ ನಡೆಯುತ್ತದೆ. ಆದರೆ ಎಲೆಯ ಮುಂದೆ ಕುಳಿತ ಎಂಬತ್ತು ವರ್ಷದ ಹಿರಿಯರು ಎಷ್ಟು ಉಂಡರು, ಏಕೆ ಅಷ್ಟೇ ಉಂಡರು ಎಂಬ ವಿಚಾರ ಬರುವುದು ಅಪರೂಪ.

"ನಮ್ಮ ತಂದೆಯವರು ಈಗ ಪೂರ್ಣ ವಿರಕ್ತರು. ಎರಡು ತುತ್ತು ಉಂಡರೆ ಆಯಿತು, ಏನನ್ನೂ ಬಯಸುವುದಿಲ್ಲ" ಎಂದು ಮಕ್ಕಳು ಅಭಿಮಾನದಿಂದ ಹೇಳುವುದನ್ನು ನಾವು ಅನೇಕ ಮನೆಗಳಲ್ಲಿ ಕೇಳಿದ್ದೇವೆ. ಅದೇ ಮನೆಯ ಪಡಸಾಲೆಯಲ್ಲಿ ಆ ಹಿರಿಯರನ್ನು ಪ್ರತ್ಯೇಕವಾಗಿ ಮಾತನಾಡಿಸಿದರೆ, "ಏನು ತಿಂದರೂ ಮಣ್ಣು ತಿಂದ ಹಾಗಾಗುತ್ತದಪ್ಪ, ಬಾಯಿಗೆ ಏನೂ ಹತ್ತುವುದಿಲ್ಲ" ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಅಜ್ಜಿ ಪದೇ ಪದೇ ಉಪ್ಪಿನಕಾಯಿ ಕೇಳುತ್ತಾರೆ. "ಊರು ಹೋಗು ಕಾಡು ಬಾ ಎನ್ನುವ ವಯಸ್ಸಿನಲ್ಲಿ ನಾಲಿಗೆಯ ಚಪಲ ನೋಡಿ" ಎಂದು ಅಲ್ಲಿ ಮನೆಯವರು ನಗುತ್ತಾರೆ. ಒಬ್ಬರಿಗೆ ವಿರಕ್ತರೆಂಬ ಹೊಗಳಿಕೆ, ಇನ್ನೊಬ್ಬರಿಗೆ ಚಪಲವೆಂಬ ನಿಂದೆ. ವಿಚಾರ ಮಾಡಿ ನೋಡಿದರೆ ಇಬ್ಬರಿಗೂ ಆಗಿರುವುದು ಒಂದೇ. ವಯಸ್ಸಿನಿಂದ ಘ್ರಾಣ ಮತ್ತು ರಸನ ಎಂಬ ಎರಡು ಇಂದ್ರಿಯಗಳು ಕುಂದಿವೆ. ಇದನ್ನು ತಿಳಿಯದೆ ಹೊಗಳಿದರೂ ತಪ್ಪು, ನಿಂದಿಸಿದರೂ ತಪ್ಪು.

ವೈರಾಗ್ಯವೆಂದರೇನು?

ಭಗವದ್ಗೀತೆಯ ಎರಡನೆಯ ಅಧ್ಯಾಯದ 59ನೆಯ ಶ್ಲೋಕದಲ್ಲಿ ಭಗವಂತನು ಬಹು ಸೂಕ್ಷ್ಮವಾದ ಮಾತನ್ನು ಹೇಳಿದ್ದಾನೆ. ಆಹಾರವನ್ನು ಬಿಟ್ಟವನಿಂದ ವಿಷಯಗಳು ದೂರ ಸರಿಯುತ್ತವೆ, ಆದರೆ ರಸವೊಂದು ಮಾತ್ರ ಉಳಿಯುತ್ತದೆ. ಆ ರಸವೂ ಪರಮಾತ್ಮನ ದರ್ಶನವಾದಾಗ ನಿವೃತ್ತವಾಗುತ್ತದೆ ಎಂಬುದು ಅದರ ತಾತ್ಪರ್ಯ. ಶ್ರೀಮದ್ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ಗಾಳದ ಮೀನಿನ ದೃಷ್ಟಾಂತವನ್ನು ಕೊಟ್ಟು, ಉಪವಾಸದಿಂದ ಉಳಿದ ಇಂದ್ರಿಯಗಳೆಲ್ಲ ಬೇಗನೆ ವಶವಾದರೂ ನಾಲಿಗೆ ಮಾತ್ರ ಇನ್ನೂ ಬಲಿಯುತ್ತದೆ, ಅದನ್ನು ಗೆದ್ದವನೇ ಜಿತೇಂದ್ರಿಯನು ಎಂದು ತಿಳಿಸುತ್ತಾನೆ.

ಈ ಎರಡು ವಚನಗಳನ್ನೂ ಒಟ್ಟಿಗೆ ಇಟ್ಟು ನೋಡತಕ್ಕದ್ದು. ಗೆಲ್ಲುವುದೆಂದರೆ ಎದುರಿಗೆ ಒಬ್ಬನು ಇರಬೇಕಷ್ಟೆ. ನಾಲಿಗೆ ಚೆನ್ನಾಗಿದ್ದು, ಪದಾರ್ಥದ ಸವಿ ತಿಳಿಯುತ್ತಿದ್ದು, ಭಗವತ್ಪ್ರೀತಿಗಾಗಿ ಅದನ್ನು ಬಿಡುವುದು ಜಯ. ನಾಲಿಗೆಯೇ ಕೈಕೊಟ್ಟಾಗ ಬಿಡುವುದಕ್ಕೆ ಅಲ್ಲಿ ಉಳಿದಿರುವುದಾದರೂ ಏನು? ಹಸಿವು ಇದ್ದು ಉಣ್ಣದಿರುವುದು ಉಪವಾಸ, ಹಸಿವೇ ಇಲ್ಲದೆ ಉಣ್ಣದಿರುವುದು ರೋಗಲಕ್ಷಣ. ಕಣ್ಣಿಗೆ ಪೊರೆ ಬಂದವನನ್ನು ರೂಪವಿಷಯದಲ್ಲಿ ವಿರಕ್ತನೆಂದು ಯಾರೂ ಕರೆಯುವುದಿಲ್ಲ; ಶಸ್ತ್ರಚಿಕಿತ್ಸೆಗೆ ಕರೆದುಕೊಂಡು ಹೋಗುತ್ತೇವೆ. ಕಿವಿ ಕೇಳದವನನ್ನು ಶಬ್ದವಿಷಯವನ್ನು ಜಯಿಸಿದವನೆಂದು ಹೊಗಳುವುದಿಲ್ಲ, ಶ್ರವಣಯಂತ್ರ ತಂದುಕೊಡುತ್ತೇವೆ. ಮೂಗು ಮತ್ತು ನಾಲಿಗೆಗಳು ಕುಂದಿದಾಗ ಮಾತ್ರ ಅದಕ್ಕೆ ವೈರಾಗ್ಯವೆಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಈ ಎರಡು ಇಂದ್ರಿಯಗಳ ನಷ್ಟ ಹೊರಗಿನವರ ಕಣ್ಣಿಗೆ ಬೀಳದಿರುವುದೇ ಇದಕ್ಕೆ ಕಾರಣ.

ಗಂಧ ಮತ್ತು ರಸ

ಗಂಧವು ಪೃಥಿವಿಯ ಗುಣ, ರಸವು ಜಲದ ಗುಣ ಎಂಬುದು ಶಾಸ್ತ್ರಪ್ರಸಿದ್ಧ. ರಸನೇಂದ್ರಿಯಕ್ಕೆ ವರುಣನೂ ಘ್ರಾಣೇಂದ್ರಿಯಕ್ಕೆ ಅಶ್ವಿನೀದೇವತೆಗಳೂ ಅಭಿಮಾನಿಗಳು. ರಸವು ಜಲಗುಣವೆಂಬ ಮಾತಿಗೆ ನಿತ್ಯದ ಅನುಭವದಲ್ಲಿಯೇ ಸಾಕ್ಷಿಯಿದೆ. ಬಾಯಿ ಪೂರ್ತಿ ಒಣಗಿದಾಗ ನಾಲಿಗೆಯ ಮೇಲೆ ಕಲ್ಲುಸಕ್ಕರೆ ಇಟ್ಟರೂ ಕೂಡಲೇ ಸಿಹಿ ತಿಳಿಯುವುದಿಲ್ಲ. ಪದಾರ್ಥವು ಜೊಲ್ಲಿನಲ್ಲಿ ಕರಗಿದ ನಂತರವೇ ನಾಲಿಗೆಯ ಮೇಲಿನ ರುಚಿಮೊಗ್ಗುಗಳಿಗೆ ಅದರ ಅರಿವಾಗುತ್ತದೆ. ವೃದ್ಧಾಪ್ಯದಲ್ಲಿ ಅನೇಕರಿಗೆ ಬಾಯಿ ಒಣಗುವುದು ಹೆಚ್ಚು. ಅವರು ಸೇವಿಸುವ ಕೆಲವು ಔಷಧಗಳಿಂದ ಇನ್ನೂ ಹೆಚ್ಚು. ರುಚಿ ಕೆಡಲು ಇದೊಂದು ಕಾರಣ.

ಆದರೆ ಮುಖ್ಯ ಕಾರಣವಿರುವುದು ಮೂಗಿನಲ್ಲಿ. ನಾವು 'ರುಚಿ' ಎಂದು ಕರೆಯುವುದರಲ್ಲಿ ಬಹುಪಾಲು ವಾಸನೆಯೇ ಆಗಿದೆ. ಸಿಹಿ, ಹುಳಿ, ಉಪ್ಪು, ಕಹಿ ಮುಂತಾದ ಕೆಲವು ಮೂಲರುಚಿಗಳನ್ನು ನಾಲಿಗೆ ಗ್ರಹಿಸುತ್ತದೆ. ಸಾರಿನ ಸಾರತನ, ಇಂಗಿನ ಘಮ, ಏಲಕ್ಕಿಯ ಪರಿಮಳ, ಹಸುವಿನ ತುಪ್ಪದ ಸೊಗಸು ಇವೆಲ್ಲ ಬಾಯಿಯೊಳಗಿಂದ ಗಂಟಲಿನ ಹಿಂಭಾಗದ ಮೂಲಕ ಮೂಗಿನ ಮೇಲ್ಭಾಗಕ್ಕೆ ಏರಿ ತಿಳಿಯುವಂಥವು. ಬೇಕಾದರೆ ಮನೆಯ ಮಕ್ಕಳು ಪರೀಕ್ಷೆ ಮಾಡಿ ನೋಡಬಹುದು. ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಏಲಕ್ಕಿ ಬೆರೆಸಿದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಬರಿಯ ಸಿಹಿ. ಬೆರಳು ತೆಗೆದ ಕ್ಷಣದಲ್ಲಿ ಏಲಕ್ಕಿ. 2020 ಮತ್ತು 2021ರಲ್ಲಿ ಕೊರೋನಾ ಬಂದಾಗ ಎಷ್ಟೋ ತರುಣರು ಕಾಫಿಯ ವಾಸನೆ ತಿಳಿಯದೆ, ಊಟ ಸೇರದೆ ಕಂಗಾಲಾದರು. ಬಹುಮಂದಿಗೆ ಅದು ಕೆಲವು ವಾರಗಳ ಕಷ್ಟವಾಗಿತ್ತು. ಮನೆಯ ಹಿರಿಯರಿಗೆ ಅದೇ ಕಷ್ಟ ಮೆಲ್ಲಮೆಲ್ಲನೆ ಬಂದು ವರ್ಷಗಟ್ಟಲೆ ಉಳಿದಿರುತ್ತದೆ. ಮೆಲ್ಲನೆ ಬಂದದ್ದರಿಂದ ಎಷ್ಟೋ ಬಾರಿ ಅವರಿಗೇ ಅದು ಗೊತ್ತಿರುವುದಿಲ್ಲ. "ಈಗಿನ ತರಕಾರಿಗೆ ರುಚಿಯಿಲ್ಲ, ಈಗಿನ ಅಕ್ಕಿ ಚೆನ್ನಾಗಿಲ್ಲ" ಎಂದು ಪದಾರ್ಥವನ್ನು ದೂರುತ್ತಾರೆ. ಅದನ್ನು ಕೇಳಿದ ಸೊಸೆ ತನ್ನ ಅಡಿಗೆಯನ್ನು ಹಳಿದರೆಂದು ನೊಂದುಕೊಳ್ಳುತ್ತಾಳೆ. ಯಾರ ತಪ್ಪೂ ಇಲ್ಲದೆ ಮನೆಯಲ್ಲಿ ಮನಸ್ತಾಪ ಬೆಳೆಯುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ರಿಚರ್ಡ್ ಡಾಟಿ ಮತ್ತು ಸಂಗಡಿಗರು ಸುಮಾರು ಎರಡು ಸಾವಿರ ಜನರನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, 65ರಿಂದ 80 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಘ್ರಾಣಶಕ್ತಿ ಬಹಳವಾಗಿ ಕುಂದಿತ್ತು. 80 ದಾಟಿದವರಲ್ಲಿ ಈ ಪ್ರಮಾಣ ಮುಕ್ಕಾಲು ಪಾಲನ್ನೂ ಮೀರಿತ್ತು. ನಾಲಿಗೆಯ ರುಚಿಶಕ್ತಿಯೂ ಕುಂದುತ್ತದೆಯಾದರೂ ಮೂಗಿನಷ್ಟಲ್ಲ. ಆದ್ದರಿಂದಲೇ ಅಜ್ಜಿಗೆ ಸಾರಿನ ಪರಿಮಳ ತಿಳಿಯದಿದ್ದರೂ ಉಪ್ಪಿನಕಾಯಿಯ ಉಪ್ಪು ಹುಳಿ ತಿಳಿಯುತ್ತದೆ. ಖಾರವಂತೂ ರುಚಿಮೊಗ್ಗಿನ ವಿಷಯವೇ ಅಲ್ಲ. ಉರಿ, ಚಳಿ, ಸ್ಪರ್ಶಗಳನ್ನು ತಿಳಿಸುವ ಬೇರೊಂದು ನರ ಅದನ್ನು ಗ್ರಹಿಸುತ್ತದೆ. ಉಳಿದದ್ದೆಲ್ಲ ಸಪ್ಪೆಯಾದಾಗ ಇನ್ನೂ ತಿಳಿಯುವ ಆ ಒಂದೆರಡು ರಸಗಳ ಕಡೆಗೆ ಕೈ ಹೋಗುವುದು ಸಹಜ. ಅದು ಚಪಲವಲ್ಲ, ಮುಚ್ಚುತ್ತಿರುವ ಮನೆಯಲ್ಲಿ ತೆರೆದಿರುವ ಕಿಟಕಿಯ ಬಳಿ ಹೋಗಿ ಕುಳಿತಂತೆ.

ಇದಕ್ಕೆ ಜೊತೆಯಾಗುವ ಬೇರೆ ಕಾರಣಗಳೂ ಉಂಟು. ಹಲ್ಲು ಬಿದ್ದವರು ಚೆನ್ನಾಗಿ ಅಗಿಯಲಾರರು. ಅಗಿಯದಿದ್ದರೆ ಪರಿಮಳ ಹೊರಡದು. ಮಧುಮೇಹಕ್ಕೆ ಕೊಡುವ ಮೆಟ್ಫಾರ್ಮಿನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಕೆಲವು ಪ್ರತಿಜೈವಿಕ ಔಷಧಗಳು ಬಾಯಿಗೆ ಲೋಹದ ಅಥವಾ ಕಹಿಯ ರುಚಿ ತರುವುದುಂಟು. ಸತುವಿನ ಕೊರತೆಯಿಂದಲೂ ರುಚಿ ಕೆಡುತ್ತದೆ. ಬಿ-12 ಜೀವಸತ್ವದ ಕೊರತೆಯಾದರೆ ನಾಲಿಗೆ ಕೆಂಪಗೆ ನುಣುಪಾಗಿ ಉರಿಯುತ್ತದೆ. ಸಸ್ಯಾಹಾರಿಗಳಾದ ನಮಗೆ ಬಿ-12 ದೊರೆಯುವ ಮುಖ್ಯ ಮೂಲ ಹಾಲು ಮೊಸರುಗಳೇ. ವೃದ್ಧಾಪ್ಯದಲ್ಲಿ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕಡಿಮೆ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ.

ಉಣ್ಣದಿದ್ದರೆ ಆಗುವುದೇನು?

ಪರಿಮಳ ತಿಳಿಯದಿದ್ದರೆ ಬಾಯಲ್ಲಿ ನೀರೂರದು, ಹಸಿವು ಏಳದು. ಮೊದಲು ಪಲ್ಯ ಬಿಡುತ್ತಾರೆ, ಆಮೇಲೆ ಬೇಳೆ ಬಿಡುತ್ತಾರೆ. ಕೊನೆಗೆ ಮಜ್ಜಿಗೆಯನ್ನದ ಎರಡು ತುತ್ತಿಗೆ ಊಟ ನಿಲ್ಲುತ್ತದೆ. ಇಲ್ಲವೇ ಬಿಸ್ಕತ್ತು ಕಾಫಿಗಳಲ್ಲಿ ದಿನ ಕಳೆಯುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ದೇಹಕ್ಕೆ ಬೇಕಾದ ಸಸಾರಜನಕ ದೊರೆಯುವುದಿಲ್ಲ. ವೃದ್ಧರ ಮಾಂಸಖಂಡಗಳು ಕರಗದಿರಲು ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1ರಿಂದ 1.2 ಗ್ರಾಂ ಸಸಾರಜನಕ ಬೇಕೆಂದು ತಜ್ಞರು ಹೇಳುತ್ತಾರೆ. ಐವತ್ತು ಕಿಲೋ ತೂಕದವರಿಗೆ 50ರಿಂದ 60 ಗ್ರಾಂ ಆಯಿತು. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಈ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಅನುಸರಿಸಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಇರುತ್ತದೆ. ಎರಡು ತುತ್ತು ಮಜ್ಜಿಗೆಯನ್ನದಿಂದ ಈ ಲೆಕ್ಕ ತುಂಬಲಾರದೆಂಬುದು ಸ್ಪಷ್ಟ. ತೋಳು ತೊಡೆಗಳು ಸಣ್ಣಗಾಗುತ್ತವೆ, ಹೆಜ್ಜೆ ತಡವರಿಸುತ್ತದೆ, ಒಂದು ದಿನ ಬಚ್ಚಲುಮನೆಯಲ್ಲಿ ಬೀಳುತ್ತಾರೆ. ಬಿದ್ದದ್ದು ನೀರಿನ ಜಾರಿಕೆಯಿಂದ ಎನ್ನುತ್ತೇವೆ. ಆರು ತಿಂಗಳಿನಿಂದ ಎಲೆಯಲ್ಲಿ ಉಳಿಯುತ್ತಿದ್ದ ತೊವ್ವೆಯ ನೆನಪು ಯಾರಿಗೂ ಬರುವುದಿಲ್ಲ.

ಆರು ತಿಂಗಳಿಂದ ಒಂದು ವರ್ಷದೊಳಗೆ, ಪ್ರಯತ್ನಪಡದೆ, ದೇಹತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ವೈದ್ಯರನ್ನು ಕಾಣತಕ್ಕದ್ದು. ಅರವತ್ತು ಕಿಲೋ ಇದ್ದವರು ಐವತ್ತೇಳಾದರೆ ಅಷ್ಟಾಯಿತು. ಘ್ರಾಣಶಕ್ತಿಯ ನಷ್ಟವು ಕೆಲವರಲ್ಲಿ ಪಾರ್ಕಿನ್ಸನ್ ಮತ್ತು ಆಲ್ಜೈಮರ್ ರೋಗಗಳ ಮುನ್ಸೂಚನೆಯೂ ಆಗಿರಬಹುದಾದ್ದರಿಂದ ಅದನ್ನು ವೈದ್ಯರಿಗೆ ಹೇಳುವುದು ಒಳ್ಳೆಯದು. ಇನ್ನೊಂದು ಅಪಾಯವೂ ಉಂಟು. ಅಡಿಗೆಯ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿದಾಗ ತಿಳಿಯಲೆಂದೇ ದುರ್ವಾಸನೆಯ ದ್ರವ್ಯವೊಂದನ್ನು ಬೆರೆಸಿರುತ್ತಾರೆ. ಮೂಗು ಕುಂದಿದ ಹಿರಿಯರು ಒಂಟಿಯಾಗಿ ಅಡಿಗೆ ಮಾಡುವ ಮನೆಯಲ್ಲಿ ಆ ಎಚ್ಚರಿಕೆಯೇ ವ್ಯರ್ಥವಾಗುತ್ತದೆ. ಹಳಸಿದ ಅನ್ನ, ಕೆಟ್ಟ ಹಾಲುಗಳ ವಾಸನೆಯೂ ಅವರಿಗೆ ತಿಳಿಯದು.

ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷ ಮುಖವಿದೆ. ನೈವೇದ್ಯಕ್ಕೆ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ. ಮಡಿಯಲ್ಲಿ ಐವತ್ತು ವರ್ಷ ಅಡಿಗೆ ಮಾಡಿದ ತಾಯಂದಿರು ಕೈಯಳತೆಯಿಂದ, ಕುದಿಯುವ ಸಾರಿನಿಂದ ಮೇಲೇಳುವ ಹಬೆಯ ಘಮದಿಂದ, ಹದವನ್ನು ತಿಳಿಯುತ್ತಾರೆ. ಆ ಘಮವೇ ತಿಳಿಯದಾದಾಗ, ಸಾಲದೆಂದು ತೋರಿ ಕೈ ಒಂದು ಚಿಟಿಕೆ ಹೆಚ್ಚು ಹಾಕುತ್ತದೆ. "ಅಮ್ಮನ ಕೈ ತಪ್ಪುತ್ತಿದೆ, ಇನ್ನು ಒಲೆಯ ಮುಂದೆ ಬೇಡ" ಎಂದು ಮಕ್ಕಳು ಹೇಳುತ್ತಾರೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಬಲ್ಲ ನಾವು, ಉಪ್ಪು ಹೆಚ್ಚಾಯಿತೆಂದು ತಾಯಿಯನ್ನು ಅಡಿಗೆಮನೆಯಿಂದ ಹೊರಗಿಡುವುದು ಉಚಿತವೆ? ಉಪ್ಪಿನ ಭರಣಿಯಲ್ಲಿ ಅಳತೆಯ ಚಮಚವೊಂದನ್ನು ಇಟ್ಟುಕೊಟ್ಟರೆ ಮಡಿಗೂ ಭಂಗವಿಲ್ಲ, ಅವರ ಮಾನಕ್ಕೂ ಭಂಗವಿಲ್ಲ.

ರಸ್ಯವೂ ಹೃದ್ಯವೂ ಆದ ಆಹಾರ

ಹಾಗಾದರೆ ಹಿರಿಯರ ಎಲೆಗೆ ಇನ್ನಷ್ಟು ಉಪ್ಪು, ಇನ್ನಷ್ಟು ಖಾರ ಬಡಿಸಬೇಕೆ? ಇಲ್ಲಿಯೇ ಗೀತೆಯ ಹದಿನೇಳನೆಯ ಅಧ್ಯಾಯವು ನಮಗೆ ದಾರಿ ತೋರಿಸುತ್ತದೆ. ರಸ ಹೋದ ಆಹಾರ ತಾಮಸ. ಅತಿ ಕಹಿ, ಅತಿ ಹುಳಿ, ಅತಿ ಉಪ್ಪು, ಅತಿ ಬಿಸಿ, ಅತಿ ಖಾರದ ಆಹಾರ ರಾಜಸ. ಅದು ದುಃಖವನ್ನೂ ರೋಗವನ್ನೂ ಕೊಡುವಂಥದು. ಆಯುಸ್ಸು, ಬಲ, ಆರೋಗ್ಯ, ಸುಖ, ಪ್ರೀತಿಗಳನ್ನು ಬೆಳೆಸುವುದೂ ರಸ್ಯವೂ ಸ್ನಿಗ್ಧವೂ ಸ್ಥಿರವೂ ಹೃದ್ಯವೂ ಆದದ್ದು ಸಾತ್ವಿಕ. ಸಾತ್ವಿಕವೆಂದರೆ ಸಪ್ಪೆ ಎಂಬ ತಪ್ಪುಕಲ್ಪನೆ ನಮ್ಮಲ್ಲಿ ಬೇರೂರಿದೆ. ಭಗವಂತನು ಸಾತ್ವಿಕ ಆಹಾರಕ್ಕೆ ಹೇಳಿದ ಲಕ್ಷಣಗಳಲ್ಲಿ ರಸ್ಯತ್ವವೂ ಒಂದು ಎಂಬುದನ್ನು ಮರೆಯಲಾಗದು. ಹಿರಿಯರ ವಿಷಯದಲ್ಲಿ ಪದಾರ್ಥ ಕೆಡದಿದ್ದರೂ ಇಂದ್ರಿಯ ಕುಂದಿದ ಕಾರಣ ಎಲ್ಲ ಅನ್ನವೂ ಅವರ ಪಾಲಿಗೆ ಗತರಸವಾಗಿದೆ. ರಾಜಸಕ್ಕೆ ಹೋಗದೆ ಅದನ್ನು ಮತ್ತೆ ರಸ್ಯವಾಗಿ ಮಾಡುವುದೇ ಗೃಹಸ್ಥನ ಮುಂದಿರುವ ಕೆಲಸ.

ಉಪ್ಪು ಹೆಚ್ಚಿಸುವುದು ದಾರಿಯಲ್ಲ. ಉಪ್ಪಿನಕಾಯಿ ಹಪ್ಪಳಗಳಲ್ಲಿರುವುದೂ ಸೇರಿ ದಿನಕ್ಕೆ 5 ಗ್ರಾಂ, ಎಂದರೆ ಒಂದು ಟೀ ಚಮಚದಷ್ಟು ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರಿಮಳವನ್ನು ಹೆಚ್ಚಿಸುವುದು ದಾರಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸೂಸನ್ ಶಿಫ್‌ಮನ್ ಎಂಬ ವಿದುಷಿ ವೃದ್ಧರ ಆಹಾರಕ್ಕೆ ಪರಿಮಳವನ್ನು ಹೆಚ್ಚಿಸಿ ಕೊಟ್ಟು ಪರೀಕ್ಷಿಸಿದ್ದಾರೆ. ಅವರ ಪ್ರಯೋಗಗಳಲ್ಲಿ ಅಂಥ ಊಟ ವೃದ್ಧರಿಗೆ ಹೆಚ್ಚು ಸೇರಿತು. ಬೇರೆಯವರ ಎಲ್ಲ ಪ್ರಯೋಗಗಳಲ್ಲಿಯೂ ಒಂದೇ ಫಲ ಬಂದಿಲ್ಲವಾದರೂ, ಮಾಡಿ ನೋಡುವುದರಿಂದ ನಷ್ಟವಿಲ್ಲ. ಈರುಳ್ಳಿ ಬೆಳ್ಳುಳ್ಳಿಗಳ ಹಂಗಿಲ್ಲದ ನಮ್ಮ ಪಾಕಶಾಸ್ತ್ರದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಸಮೃದ್ಧವಾಗಿದೆ. ಇಂಗು, ಜೀರಿಗೆ, ಮೆಣಸು, ಶುಂಠಿ, ಕರಿಬೇವು, ಕೊತ್ತಂಬರಿ, ನಿಂಬೆಯ ರಸ ಇವುಗಳನ್ನು ಹಿಂದಿನವರು ಹದವರಿತು ಬಳಸಿದ್ದರು. ಪರಿಮಳದ ಬಹುಭಾಗ ಜಿಡ್ಡಿನಲ್ಲಿ ಕರಗುವುದರಿಂದ ತುಪ್ಪದ ಒಗ್ಗರಣೆಯನ್ನು ಅಡಿಗೆಯ ಕಡೆಯಲ್ಲಿ ಹಾಕಿ, ನೈವೇದ್ಯವಾದ ಕೂಡಲೇ ಬಿಸಿಯಿರುವಾಗಲೇ ಹಿರಿಯರಿಗೆ ಬಡಿಸಬೇಕು. ಆರಿದ ತೊವ್ವೆಗೆ ಘಮವಿಲ್ಲ. ಎಲ್ಲವನ್ನೂ ಒಟ್ಟಿಗೆ ಕಲಸಿ ಮಿದ್ದು ಕೊಡುವ ಬದಲು ತೊವ್ವೆ, ಸಾರು, ಪಲ್ಯಗಳನ್ನು ಬೇರೆ ಬೇರೆಯಾಗಿ ಬಡಿಸಿದರೆ ಪ್ರತಿ ತುತ್ತಿಗೂ ನಾಲಿಗೆ ಎಚ್ಚರಗೊಳ್ಳುತ್ತದೆ. ಊಟಕ್ಕೆ ಮೊದಲು ಬಾಯಿ ಮುಕ್ಕಳಿಸಿ, ಬೆಳಿಗ್ಗೆ ನಾಲಿಗೆ ಕೆರೆದು ಶುದ್ಧಮಾಡಿಕೊಳ್ಳುವ ಹಳೆಯ ಪದ್ಧತಿಯೂ ಉಪಯುಕ್ತ. ದ್ವಾದಶಿಯ ಪಾರಣೆಯಲ್ಲಿ ಅಗಸೆಸೊಪ್ಪಿನೊಡನೆ ನೆಲ್ಲಿಕಾಯಿಗೆ ಸ್ಥಾನವಿರುವುದನ್ನು ಬಲ್ಲೆವು. ಅದರ ಹುಳಿಗೆ ಒಣಗಿದ ಬಾಯಲ್ಲಿ ನೀರೂರುತ್ತದೆ. ಹಲ್ಲಿಲ್ಲದವರಿಗೆ ಭಕ್ಷ್ಯ ಆಗದಿದ್ದರೂ ಲೇಹ್ಯ, ಚೋಷ್ಯಗಳು ಆಗುತ್ತವೆ. ಚತುರ್ವಿಧ ಅನ್ನವೆಂದು ಹಿರಿಯರು ಎಣಿಸಿದ್ದು ಸುಮ್ಮನೆ ಅಲ್ಲ.

ವ್ರತ ಮತ್ತು ವೃದ್ಧರು

ಚಾತುರ್ಮಾಸ್ಯದ ನಾಲ್ಕು ವ್ರತಗಳು ದೇಹವನ್ನು ಕೃಶಗೊಳಿಸಲೆಂದು ವಿಧಿಸಿದವುಗಳಲ್ಲ. ಶಾಕವ್ರತದಲ್ಲಿ ತರಕಾರಿ ಇಲ್ಲದಿದ್ದರೂ ಹೆಸರುಬೇಳೆ, ಹಾಲು, ಮೊಸರು ಉಂಟು. ದಧಿವ್ರತದಲ್ಲಿ ಮೊಸರು ಬಿಟ್ಟರೆ ಹಾಲು ಉಂಟು. ಕ್ಷೀರವ್ರತದಲ್ಲಿ ಹಾಲು ಬಿಟ್ಟರೆ ಮೊಸರು ಉಂಟು. ದ್ವಿದಳವ್ರತದಲ್ಲಿ ಬೇಳೆ ಬಿಟ್ಟಾಗ ಹಾಲು ಮೊಸರು ಎರಡೂ ಉಂಟು. ಒಂದನ್ನು ಬಿಡಿಸುವಾಗ ಇನ್ನೊಂದನ್ನು ಉಳಿಸಿಯೇ ಈ ಕ್ರಮ ಬಂದಿದೆ. ಬಿಟ್ಟದ್ದನ್ನು ಬಿಟ್ಟು, ಉಳಿದದ್ದನ್ನು ಹೆಚ್ಚಿಸದೆ ಇರುವುದು ನಮ್ಮ ಅಲಕ್ಷ್ಯ. ಶಾಕವ್ರತದ ತಿಂಗಳಲ್ಲಿ ಹಿರಿಯರು ಸೊರಗುವುದು ಹೆಚ್ಚಾಗಿ ಊಟ ಸಪ್ಪೆಯಾದ್ದರಿಂದ. ತಮ್ಮ ತಮ್ಮ ಮಠದ ಸಂಪ್ರದಾಯ ಒಪ್ಪುವಷ್ಟರಲ್ಲಿ ಮೆಣಸು ಜೀರಿಗೆ ಹುರಿದು ಪುಡಿಮಾಡಿ, ಮಾವಿನ ಹುಳಿ ಹಿಡಿಸಿ, ತುಪ್ಪ ಹಾಕಿದ ಹೆಸರುಬೇಳೆಯ ತೊವ್ವೆ ಮಾಡಿದರೆ ವ್ರತವೂ ಉಳಿಯುತ್ತದೆ, ರುಚಿಯೂ ಉಳಿಯುತ್ತದೆ.

ಏಕಾದಶಿಯ ಮಹಿಮೆಯನ್ನು ಶ್ರೀಮದಾಚಾರ್ಯರು ಶ್ರೀಕೃಷ್ಣಾಮೃತಮಹಾರ್ಣವದಲ್ಲಿ ಸಾರಿದ್ದಾರೆ. ಅದನ್ನು ಸಡಿಲಗೊಳಿಸುವ ಮಾತನ್ನು ನಾವು ಆಡುವುದಿಲ್ಲ. ಆದರೆ ಎಂಟು ವರ್ಷ ದಾಟಿದವರಿಗೆ, ಎಂಬತ್ತು ತುಂಬುವವರೆಗೆ ಎಂದು ಉಪವಾಸದ ಅಧಿಕಾರಕ್ಕೆ ಸ್ಮೃತಿಗಳೇ ಎಲ್ಲೆ ಹಾಕಿರುವುದುಂಟು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ವಚನ, ಔಷಧ ಈ ಎಂಟರಿಂದ ವ್ರತಭಂಗವಿಲ್ಲವೆಂದು ಮಹಾಭಾರತದ ಉದ್ಯೋಗಪರ್ವ ಹೇಳುತ್ತದೆ. ಅಶಕ್ತರ ಮೇಲಿನ ಕರುಣೆಯಿಂದಲೇ ಹೊರಟ ಮಾತಿದು. ದಶಮಿಯ ರಾತ್ರಿಯಿಂದ ದ್ವಾದಶಿಯ ಬೆಳಗಿನವರೆಗೆ ಏನನ್ನೂ ಸೇವಿಸದೆ, ಮಧುಮೇಹದ ಮಾತ್ರೆಯನ್ನು ಮಾತ್ರ ನುಂಗುವ ವೃದ್ಧರು ಪ್ರಾಣಾಪಾಯವನ್ನೇ ತಂದುಕೊಳ್ಳುತ್ತಾರೆ. ಮೊದಲೇ ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ಗುರುಗಳಲ್ಲಿ ನಿವೇದಿಸಿ, ಅವರ ಅಪ್ಪಣೆಯಂತೆ ನಡೆಯತಕ್ಕದ್ದು. ಗುರುವಚನ ಮತ್ತು ಔಷಧ ಎರಡೂ ಆ ಎಂಟರಲ್ಲಿ ಸೇರಿವೆಯಷ್ಟೆ.

ಸುಕನ್ಯೆಯ ಸೇವೆ

ಘ್ರಾಣಾಭಿಮಾನಿಗಳಾದ ಅಶ್ವಿನೀದೇವತೆಗಳು ದೇವವೈದ್ಯರು. ಮುದುಕನಾಗಿ ಕಣ್ಣು ಕಳೆದುಕೊಂಡಿದ್ದ ಚ್ಯವನ ಮಹರ್ಷಿಗೆ ಯೌವನವನ್ನು ಕೊಟ್ಟವರು ಇವರೇ. ಭಾಗವತದ ಒಂಬತ್ತನೆಯ ಸ್ಕಂಧದ ಆ ಕಥೆಯಲ್ಲಿ ವೈದ್ಯರು ಬರುವುದಕ್ಕೆ ಮೊದಲು ನಡೆದ ಸಂಗತಿಯೊಂದಿದೆ. ಶರ್ಯಾತಿರಾಜನ ಮಗಳಾದ ಸುಕನ್ಯೆ, ಮಹಾಕೋಪಿಷ್ಠನಾದ ಆ ವೃದ್ಧಪತಿಯ ಮನಸ್ಸನ್ನು ಅರಿತು, ಎಚ್ಚರದಿಂದ ಸೇವಿಸಿ ಸಂತೋಷಪಡಿಸಿದಳು. ಅವನು ಬಾಯಿಬಿಟ್ಟು ಹೇಳುವುದನ್ನು ಅವಳು ಕಾಯಲಿಲ್ಲ. ಅಶ್ವಿನೀದೇವತೆಗಳು ಆ ಆಶ್ರಮಕ್ಕೆ ಬಂದದ್ದು ಆಮೇಲೆ.

ಹಿರಿಯರ ಮನಸ್ಸನ್ನು ಅರಿಯಲು ಅವರೊಡನೆ ಕುಳಿತು ಉಣ್ಣಬೇಕು. ಪಂಕ್ತಿಯಲ್ಲಿ ಮಾತುಕತೆಯ ನಡುವೆ ಉಣ್ಣುವವರು ಒಂಟಿಯಾಗಿ ಉಣ್ಣುವವರಿಗಿಂತ ಹೆಚ್ಚು ಉಣ್ಣುತ್ತಾರೆಂಬುದು ಎಲ್ಲರೂ ಕಂಡ ಸಂಗತಿ. ನಮ್ಮ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ, ಆರಿದ ಅನ್ನವನ್ನು ಒಬ್ಬರೇ ಮೂಲೆಯಲ್ಲಿ ಕುಳಿತು ಉಣ್ಣುವವರು ಯಾರು? ದಿನಕ್ಕೆ ಒಂದೇ ಹೊತ್ತು ಉಣ್ಣುವ ಮಡಿಯ ಅಜ್ಜಿ. ಆ ಒಂದು ಹೊತ್ತಾದರೂ ಬಿಸಿಯಾಗಿ, ಹದವಾಗಿ, ಪಕ್ಕದಲ್ಲಿ ಒಬ್ಬರು ಕುಳಿತು ಮಾತನಾಡಿಸುತ್ತಿರುವಾಗ ಆಗಬೇಡವೆ?

ಶ್ರಾದ್ಧದಲ್ಲಿ ಬ್ರಾಹ್ಮಣರು ಉಂಡ ಮೇಲೆ ಕರ್ತೃವು ಕೈಮುಗಿದು, ತೃಪ್ತಿಯಾಯಿತೆ ಎಂದು ಕೇಳುತ್ತಾನೆ. ಪಿತೃಗಳಿಗೆ ಪ್ರಿಯವಾದ ಪದಾರ್ಥವನ್ನು ನೆನೆದು ಮಾಡಿಸುತ್ತಾನೆ. ಬದುಕಿರುವಾಗ ಆ ತಂದೆಯನ್ನು, ಆ ತಾಯಿಯನ್ನು ಊಟವಾದ ಮೇಲೆ ಒಮ್ಮೆಯಾದರೂ ಹಾಗೆ ಕೇಳಿದ್ದೇವೆಯೆ? ತಾಯಿತಂದೆಯರನ್ನು ದೇವರೆಂದು ಭಾವಿಸು ಎಂದ ಉಪನಿಷತ್ತು, ಅವರು ತೀರಿಕೊಂಡ ಮೇಲೆ ಎಂದು ಹೇಳಲಿಲ್ಲ.

ಹಿರಿಯರಲ್ಲಿ ಒಂದು ವಿನಂತಿ

ವಯೋವೃದ್ಧರ ಮುಂದೆ ನಾವು ಕಿರಿಯರು. ಆದರೂ ಪಾದಗಳಿಗೆ ವಂದಿಸಿ ಒಂದು ಮಾತು ಅರಿಕೆ ಮಾಡುತ್ತೇವೆ. "ಇನ್ನೆಷ್ಟು ದಿನ, ಈ ನಾಲಿಗೆಯನ್ನು ತೃಪ್ತಿಪಡಿಸಿ ಆಗಬೇಕಾದದ್ದೇನು?" ಎಂದು ತಾವು ಕೇಳಬಹುದು. ತಾವು ಉಣ್ಣುವುದು ನಾಲಿಗೆಗಾಗಿ ಅಲ್ಲವೆಂಬುದು ಸತ್ಯ. ಭಗವಂತನು ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ಚತುರ್ವಿಧ ಅನ್ನವನ್ನು ಪಚನಮಾಡುತ್ತಾನೆಂದು ಗೀತೆಯ ಹದಿನೈದನೆಯ ಅಧ್ಯಾಯ ಹೇಳುತ್ತದೆ. ಪರಿಷೇಚನೆ ಮಾಡಿ ಪ್ರಾಣಾಹುತಿ ತೆಗೆದುಕೊಳ್ಳುವ ತಮಗೆ ಊಟವು ಒಂದು ಹೋಮವೆಂಬುದು ಹೊಸದಲ್ಲ. ಋತ್ವಿಜನಿಗೆ ಹವಿಸ್ಸಿನ ರುಚಿ ತಿಳಿಯುವುದಿಲ್ಲವೆಂದು ಹೋಮದಲ್ಲಿ ಆಹುತಿಯನ್ನು ಕಡಿಮೆ ಮಾಡುವುದುಂಟೆ? ನಾಲಿಗೆಗೆ ಹತ್ತದಿದ್ದರೂ ಒಳಗಿನ ಅಗ್ನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ರುಚಿ ತಿಳಿಯುತ್ತಿಲ್ಲವೆಂದು ಮಕ್ಕಳಿಗೆ ಹೇಳಲು ಸಂಕೋಚ ಬೇಡ. ಹೇಳಿದರೆ ಸೊಸೆಯ ಮನಸ್ಸೂ ಹಗುರವಾದೀತು, ವೈದ್ಯರಿಗೂ ದಾರಿ ತೋರೀತು.

ಅಂಬರೀಷ ಮಹಾರಾಜನು ತನ್ನ ಒಂದೊಂದು ಇಂದ್ರಿಯವನ್ನೂ ಶ್ರೀಹರಿಗೆ ಅರ್ಪಿಸಿದ ಬಗೆಯನ್ನು ಭಾಗವತವು ವರ್ಣಿಸುತ್ತದೆ. ಘ್ರಾಣವನ್ನು ಭಗವತ್ಪಾದಾರ್ಪಿತವಾದ ತುಳಸಿಯ ಪರಿಮಳದಲ್ಲಿ, ರಸನೆಯನ್ನು ಭಗವಂತನಿಗೆ ಅರ್ಪಿಸಿದ ಪ್ರಸಾದದಲ್ಲಿ ಅವನು ತೊಡಗಿಸಿದನು. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಎಂಬ ವೈದ್ಯರು 2009ರಲ್ಲಿ ಘ್ರಾಣಶಕ್ತಿ ಕಳೆದುಕೊಂಡವರಿಗೆ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರ ಪರಿಮಳವನ್ನು ದಿನಕ್ಕೆ ಎರಡು ಬಾರಿಯಂತೆ ಹನ್ನೆರಡು ವಾರ ಮನಸ್ಸಿಟ್ಟು ಆಘ್ರಾಣಿಸಲು ಹೇಳಿ, ಕೆಲವರಲ್ಲಿ ಸುಧಾರಣೆಯನ್ನು ಕಂಡರು. ದೇವಪೂಜೆಯನ್ನು ಮೂಗಿನ ಚಿಕಿತ್ಸೆಯೆಂದು ಕರೆಯುವ ಧಾರ್ಷ್ಟ್ಯ ನಮಗಿಲ್ಲ. ಆದರೆ ಪ್ರಾತಃಕಾಲ ತೀರ್ಥದ ಪಚ್ಚಕರ್ಪೂರವನ್ನೂ, ನಿರ್ಮಾಲ್ಯದ ತುಳಸಿಯನ್ನೂ, ಗಂಧವನ್ನೂ ಅವಸರದಲ್ಲಿ ಮುಗಿಸದೆ, ಕಣ್ಣುಮುಚ್ಚಿ ನಿಧಾನವಾಗಿ ಅನುಸಂಧಾನಪೂರ್ವಕ ಆಘ್ರಾಣಿಸುವ ಅಭ್ಯಾಸವನ್ನು ಹಿರಿಯರು ಇಟ್ಟುಕೊಂಡರೆ, ಇಂದ್ರಿಯಕ್ಕೂ ಕೆಲಸ ದೊರೆಯುತ್ತದೆ, ಅದರ ಸ್ವಾಮಿಗೂ ಅರ್ಪಣೆಯಾಗುತ್ತದೆ.

ಈ ಚಾತುರ್ಮಾಸ್ಯದಲ್ಲಿ ಪ್ರತಿಯೊಬ್ಬ ಗೃಹಸ್ಥರೂ ಒಂದು ಸಂಕಲ್ಪ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ತಿಂಗಳಿಗೊಮ್ಮೆ ಹಿರಿಯರ ತೂಕವನ್ನು ನೋಡಿ ಬರೆದಿಡಿರಿ. ದಿನಕ್ಕೊಮ್ಮೆ ಅವರ ಎಲೆಯಲ್ಲಿ ಉಳಿದದ್ದನ್ನು ನೋಡಿರಿ. ಊಟವಾದ ಮೇಲೆ, ತೃಪ್ತಿಯಾಯಿತೆ ಎಂದು ಕೇಳಿರಿ. ಉತ್ಥಾನದ್ವಾದಶಿಯ ದಿನ ಆ ಹಿರಿಯರು ತಮ್ಮ ಕಾಲಿನ ಮೇಲೆ ತಾವು ನಡೆದು ತುಳಸೀಪೂಜೆಗೆ ಬರುವಂತಾಗಲಿ. ಸರ್ವೇಂದ್ರಿಯಗಳ ಒಡೆಯನಾದ ಹೃಷೀಕೇಶನು ಎಲ್ಲರಿಗೂ ಆಯುರಾರೋಗ್ಯಗಳನ್ನು ದಯಪಾಲಿಸಲಿ.

ಶ್ರೀಕೃಷ್ಣಾರ್ಪಣಮಸ್ತು